ಸ್ವಂತ ಗಾಳಿಯ ಸವಾರಿ

ಗಂಡಸಾದವನು ಹೆಂಡತಿಯ ಬೈಗುಳ ತಿನ್ನಬಹುದು, ಮೇಲಧಿಕಾರಿಯ ಬೈಗುಳವನ್ನೂ ತಿನ್ನಬಹುದು. ಆದರೆ ದಿನಾ ಬೆಳಿಗ್ಗೆ ನೆರೆಮನೆಯ ಬಾಗಿಲಲ್ಲಿ ನಿಂತು ಗಾಳಿ ಬೇಡುವ ಕಷ್ಟ ಮಾತ್ರ ಯಾವ ಶತ್ರುವಿಗೂ ಬೇಡ. ಬೆಳಗಾವಿಯ ಶಿವಬಸವ ನಗರದ ನಮ್ಮ ಓಣಿಯಲ್ಲಿ ಸೈಕಲ್ ಪಂಪು ಇದ್ದದ್ದು ಗುರುಪುತ್ರಪ್ಪನವರ ಮನೆಯಲ್ಲಿ ಮಾತ್ರ. ಅವರು ಇಲ್ಲ ಅನ್ನುತ್ತಿರಲಿಲ್ಲ. ಪಂಪಿನ ಜೊತೆಗೆ ಉಪದೇಶವನ್ನೂ ಕೊಡುತ್ತಿದ್ದರು.

"ಬಾಳಪ್ಪನವರ, ಚೈನಿಗೆ ಎಣ್ಣಿ ಬಿಟ್ಟು ಎಷ್ಟ ದಿನಾ ಆತು? ಬ್ರೇಕು ಹಿಡೀತಾವೋ, ಬರೇ ಚೀರತಾವೋ?"

ಇದನ್ನು ನನ್ನ ಹೆಂಡತಿ ಕಾಶವ್ವ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದಳು. ಎಪ್ಪತ್ತೆಂಟರ ದಸರೆ ಎದುರಿಗಿದ್ದಾಗ ಒಂದು ದಿನ ಚಹಾ ಕೊಡುತ್ತಲೇ ಶುರುಮಾಡಿದಳು.

"ಹವಾ ಬೇಡೂದರಾಗ ನಿಮ್ಮ ಆಯುಷ್ಯ ಮುಗೀತು. ಆ ಸೈಕಲ್ ನನ್ನ ತಮ್ಮ ನಾಗಲಿಂಗಗ ಕೊಟ್ಟ ಬಿಡ್ರಿ. ಪಾಪ, ಖಾನಾಪುರದಾಗ ದಿನಾ ಎರಡ ಮೈಲಿ ನಡದು ಸಾಲಿ ಕಲಸಾಕ ಹೊಕ್ಕಾನ."

ಚಹಾದ ಕಪ್ಪು ಕೆಳಗಿಟ್ಟೆ. ಆ ಸೈಕಲ್ಲು ನನ್ನ ಮದುವೆಗಿಂತ ಮೂರು ವರ್ಷ ಮೊದಲು ಮನೆಗೆ ಬಂದದ್ದು. (ಈ ಹಿರಿತನದ ಮಾತನ್ನು ನಾನು ಮನೆಯಲ್ಲಿ ಆಡುವುದಿಲ್ಲ.) "ಸ್ವಂತ ಪಂಪು ತರತೇನಿ! ದಸರಾಕ್ಕ ನಿಮ್ಮೂರಿಗೆ ಇದರ ಮ್ಯಾಲೇ ಬರತೇನಿ!" ಎಂದು ಘರ್ಜಿಸಿದೆ.

"ಬರ್ರಿ. ದಾರ್ಯಾಗ ಯಾರ ಕಡೆನೂ ಹವಾ ಬೇಡಬಾರದು. ಊರ ಮುಟ್ಟಿದ್ರ ಸೈಕಲ್ ನಿಮ್ದು. ಬೇಡಿದ್ರ ನಾಗಲಿಂಗಂದು."

ಆಗಲಿ ಎಂದೆ. ಅಂದೇ ಸಂಜೆ ರವಿವಾರ ಪೇಟೆಯ ಸರದಾರಸಾಬನ ಅಂಗಡಿಗೆ ಹಾರಿದೆ. ಅವನು ಮೂರು ಪಂಪು ಮುಂದಿಟ್ಟ. ಒಂದು ನೆಲಕ್ಕೂರಿ ಒತ್ತುವ ಮಹಾಕಾಯ. ಅದನ್ನು ಒಯ್ಯಲು ಇನ್ನೊಂದು ಸೈಕಲ್ಲು ಬೇಕು. ಇನ್ನೊಂದು ಕೋಟಿನ ಕಿಸೆಗೆ ಹೋಗುವ ಗಿಡ್ಡದು. ಸೀನಿದರೆ ಅದಕ್ಕಿಂತ ಹೆಚ್ಚು ಗಾಳಿ ಬರುತ್ತದೆ. ಮೂರನೆಯದು ಸೈಕಲ್ಲಿನ ದಂಡಿಗೆ ಸಿಕ್ಕಿಸುವ, ಮೊಳದುದ್ದದ ಬೆಳ್ಳನೆಯ ಸುಂದರಾಂಗ.

"ಬಾಯಿಗೆ ಹೆಬ್ಬಟ್ಟ ಒತ್ತಿ ನೋಡ್ರಿ ಸಾಹೇಬ್ರ. ಹವಾ ತಡಕೊಳ್ಳಾಕ ಆಗಬಾರದು," ಎಂದ ಸರದಾರಸಾಬ. ಒತ್ತಿದೆ. ಹೆಬ್ಬೆರಳು ಹಾರಿತು! "ಒಳಗ ಚರ್ಮದ ವಾಶರ್ ಐತಿ, ಒಣಗಬಾರದು, ಹನಿ ಎಣ್ಣಿ ಹಾಕ್ರಿ. ಬಾಯಿ ಸ್ವಚ್ಛ ಇಡ್ರಿ." ನಾನು ಆಗಲೇ ಮನಸ್ಸಿನಲ್ಲಿ ಖಾನಾಪುರ ಪ್ರವೇಶ ಮಾಡುತ್ತಿದ್ದೆ. ಎಣ್ಣೆಯ ಮಾತು ಕೇಳಿಸಿತು, ಬಾಯಿಯ ಮಾತು ಕೇಳಿಸಲಿಲ್ಲ.

ಆಯುಧಪೂಜೆ, ಅಂದರೆ ನಮ್ಮ ಕಡೆಯ ಖಂಡೇ ಪೂಜೆ, ಬಂತು. ಸೈಕಲ್ ತೊಳೆದೆ, ಚೈನಿಗೆ ಎಣ್ಣೆ ಬಿಟ್ಟೆ, ಬ್ರೇಕು ಬಿಗಿದೆ. ಕೊಡಲಿ, ಕುಡಗೋಲು, ಈಳಿಗೆಯ ಪಕ್ಕದಲ್ಲಿ ನನ್ನ ಪಂಪನ್ನು ಪಟ್ಟದ ರಾಜನಂತೆ ಮಲಗಿಸಿದೆ. ಅದರ ಮೈಗೆ ವಿಭೂತಿಯ ಮೂರು ಗೆರೆ ಎಳೆದರೂ ಭಕ್ತಿ ತಣಿಯಲಿಲ್ಲ. ಗಾಳಿ ಬರುವುದು ಬಾಯಿಂದಲ್ಲವೇ? ಹಸಿ ವಿಭೂತಿಯನ್ನೂ ಕುಂಕುಮವನ್ನೂ ಕಲಸಿ ಬಾಯಿಗೇ ದಪ್ಪಗೆ ಮೆತ್ತಿದೆ. ಪೂಜೆಯ ಆಯುಧವನ್ನು ಅಂದು ಮುಟ್ಟುವಂತಿಲ್ಲ. ಮೆತ್ತಿದ್ದು ರಾತ್ರಿಯಿಡೀ ಹಾಯಾಗಿ ಒಣಗಿತು.

ಮರುದಿನ ಕಾಶವ್ವ ಬಸ್ಸು ಹತ್ತಿದಳು, ನಾನು ಸೈಕಲ್ಲು ಹತ್ತಿದೆ. ಏನು ಹವೆ, ಏನು ಹುರುಪು! ಪೀರನವಾಡಿ ದಾಟಿತು, ಮಚ್ಛೆ ದಾಟಿತು. ಎದುರು ಬಂದ ಎತ್ತಿಗೂ ನಮಸ್ಕಾರ ಹೇಳುವಷ್ಟು ಖುಷಿಯಾಗಿದ್ದೆ. ಇದ್ದಲಹೊಂಡದ ಹತ್ತಿರ ಹಿಂದಿನ ಚಕ್ರ ಮೆತ್ತಗಾಯಿತು. ಇಂಥ ಗಳಿಗೆಗಾಗಿಯೇ ಕಾದಿದ್ದವನಂತೆ ಇಳಿದೆ, ಪಂಪಿಗೆ ನಳಿಕೆ ಸಿಕ್ಕಿಸಿದೆ, ಒತ್ತಿದೆ. ಪಂಪು ಮಿಸುಕಲಿಲ್ಲ. ಇನ್ನೂ ಒತ್ತಿದೆ. ನನ್ನ ಕಣ್ಣು ಹೊರಗೆ ಬಂದವು, ಗಾಳಿ ಬರಲಿಲ್ಲ.

ಎದುರಿಗೇ ಒಂದು ಸೈಕಲ್ ಅಂಗಡಿ! ಅದರ ಯಜಮಾನ ದಸ್ತಗೀರಸಾಬ ಎದ್ದು ಬಂದ. "ಯಾಕ್ ತ್ರಾಸ ತಗೋತೀರಿ? ಬರ್ರಿ, ಹವಾ ನಾ ಹಾಕತೇನಿ. ಹಬ್ಬದ ದಿನಾ, ಫುಕಟ!"

"ಬ್ಯಾಡ! ನಿಮ್ಮ ಹವಾ ನನಗ ಬ್ಯಾಡ!" ಎಂದು ಕೈಮುಗಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ನಳಿಕೆ ಕಳಚಿ, ಪಂಪಿನ ಬಾಯಿಯನ್ನು ಕಣ್ಣೆದುರು ಹಿಡಿದು, ಹಿಡಿಯನ್ನು ರಸ್ತೆ ಬದಿಯ ಮರಕ್ಕೆ ಆನಿಸಿ ಇಡೀ ಮೈಭಾರ ಬಿಟ್ಟೆ. ಢಬ್! ನಿನ್ನೆ ಮೆತ್ತಿದ ಭಕ್ತಿಯೆಲ್ಲ ಒಂದೇ ಏಟಿಗೆ ಮುಖಕ್ಕೆ ಬಂತು. ಆದರೆ ಪಂಪು ಬಾಯಿ ಬಿಟ್ಟಿತ್ತು! ಮುಖ ಒರೆಸುವ ವ್ಯವಧಾನ ಯಾರಿಗಿದೆ? ಟಯರು ಕಲ್ಲಾಗುವವರೆಗೆ ಒತ್ತಿ, ಹಾರಿ ಕೂತು, ಖಾನಾಪುರದವರೆಗೆ ಒಂದೇ ಉಸಿರು.

ಅಂಗಳದಲ್ಲಿದ್ದ ನನ್ನ ಅತ್ತೆ ನಿಂಗವ್ವ ನನ್ನನ್ನು ನೋಡಿದ್ದೇ ಕಿರುಚಿದಳು. "ಅಯ್ಯಯ್ಯ! ಅಳಿಯಾರ ತಲಿ ಒಡದೈತ್ರೋ!"

ಕಾಶವ್ವ ಹತ್ತಿರ ಬಂದು ಬೆರಳಿನಿಂದ ನನ್ನ ಕೆನ್ನೆ ಮುಟ್ಟಿ ನೋಡಿದಳು. "ರಕ್ತ ಅಲ್ಲಬೇ, ಕುಂಕುಮ. ಹವಾ ಯಾರ ಕಡೆ ಬೇಡಿದ್ರಿ?"

"ನಂದ! ಸ್ವಂತದ್ದು!"

"ಹಂಗಾರ ಗೆದ್ರಿ. ಸೈಕಲ್ ನಿಮ್ದ," ಎಂದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ 'ಗೆದ್ರಿ' ಎಂಬ ಮಾತು ಕೇಳಿದ್ದು ಅದೇ ಮೊದಲು. ನನಗೆ ಕಣ್ಣೀರು ಬರುವುದೊಂದು ಬಾಕಿ. ಹೋಳಿಗೆ ತಿನ್ನುತ್ತ ಇದ್ದಲಹೊಂಡದ ಯುದ್ಧವನ್ನು ಮೂರು ಸಲ ಬಣ್ಣಿಸಿದೆ. ಮೂರನೆಯ ಸಲ ಉತ್ಸಾಹ ತಡೆಯದೆ, "ಬೆಳಗಾವಿ–ಖಾನಾಪುರ ಅಂದ್ರ ಏನ್ರೀ? ನನಗ ಹಿತ್ತಲ ಇದ್ದಂಗ. ವಾರಕ್ಕೊಮ್ಮೆ ಬರತೇನಿ!" ಅಂದುಬಿಟ್ಟೆ.

ಅತ್ತೆಯ ಮುಖ ಅರಳಿತು. "ಚಲೋ ಆತ ನೋಡ್ರಿ! ನಿಮ್ಮ ಪಾಲಿನ ಅಕ್ಕಿ ಎಂಟ ಚೀಲಾ ಹಂಗ ಬಿದ್ದೈತಿ. ಬಸ್ಸಿನಾಗ ಕಂಡಕ್ಟರ ಜಗಳಾ ತಗೀತಾನ. ವಾರಕ್ಕೊಂದ ಚೀಲಾ ಒಯ್ಯರಿ."

"ಇವತ್ತ ಶುರು ಮಾಡ್ರಿ," ಎಂದಳು ಕಾಶವ್ವ.

ಹಬ್ಬದ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು ಮುಗಿಯುವುದರೊಳಗೆ ಕ್ಯಾರಿಯರಿನ ಮೇಲೆ ಚೀಲ ಏರಿತ್ತು. ನಾಗಲಿಂಗನನ್ನು ಮೆಲ್ಲಗೆ ಬಾಜೂಕ್ಕೆ ಕರೆದೆ. "ತಮ್ಮಾ, ನೀ ದಿನಾ ನಡೀತಿ, ನನಗ ನೋಡಾಕ ಆಗವಲ್ತು. ಈ ಸೈಕಲ್ ನೀನ ಇಟ್ಕೋ. ಪಂಪೂ ಇಟ್ಕೋ."

"ಛೇ ಛೇ, ಮಾಮಾ! ಇಷ್ಟ ಕಷ್ಟಪಟ್ಟು ಗೆದ್ದ ಸೈಕಲ್ ನಾ ಹೆಂಗ ಮುಟ್ಟಲಿ?" ಎಂದವನೇ ಚೀಲದ ಮೇಲೆ ಮೊಣಕಾಲೂರಿ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ. "ಹಿಂದಿನ ಗಾಲಿ ಕುಂತೈತಿ ನೋಡ್ರಿ. ಹವಾ ಹಾಕಬೇಕು."

ಯಾರೂ ಪಂಪಿಗೆ ಕೈ ಹಾಕಲಿಲ್ಲ. ಎಲ್ಲರೂ ಗೌರವದಿಂದ ನನಗೆ ದಾರಿ ಬಿಟ್ಟು ನಿಂತರು. ನಾನು ಬಗ್ಗಿ ಗಾಳಿ ಹೊಡೆಯತೊಡಗಿದೆ.