ಇಂಡಿಯ ಮೇಲೆ ಎರಡು ಸುತ್ತು, ಮುದ್ದೇಬಿಹಾಳದ ಮೇಲೆ ಮೂರು

ವಿಮಾನ ಓಡಿಸುವುದು ಕಷ್ಟದ ಕೆಲಸವೇನಲ್ಲ. ಸಿಂದಗಿಯ ನನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ನಾನೇ ಕೆಲವು ವರ್ಷ ಓಡಿಸಿದ್ದೇನೆ. ಬಿಲ್ ಮಾಡಲಿಕ್ಕೆಂದು ತಂದ ಕಂಪ್ಯೂಟರು, ಅದಕ್ಕೊಂದು ಜಾಯ್‌ಸ್ಟಿಕ್ಕು, ಬೆನ್ನಿಗೆ ಆನಿಸಿಕೊಳ್ಳಲು ಯೂರಿಯಾ ಚೀಲ. ಇಷ್ಟಿದ್ದರೆ ಸಾಕು. ನಿಜವಾದ ವಿಮಾನವನ್ನು ನಾನು ಮುಟ್ಟಿ ನೋಡಿದವನಲ್ಲ. ಅದರ ಅಗತ್ಯವೂ ಬಿದ್ದಿರಲಿಲ್ಲ!

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಅದನ್ನು ಆಡುವ ದೇಶವಿದೇಶದ ಮಂದಿ ಸೇರಿಕೊಂಡು ಇಂಟರ್ನೆಟ್ಟಿನಲ್ಲಿ ವಿಮಾನ ಕಂಪನಿ ಕಟ್ಟುತ್ತಿದ್ದರು. ವರ್ಚುವಲ್ ಏರ್‌ಲೈನ್ ಎಂದು ಅದರ ಹೆಸರು. ಕಂಪನಿಗೆ ವೇಳಾಪಟ್ಟಿ ಇತ್ತು, ಹುದ್ದೆಗಳಿದ್ದವು, ಶಿಸ್ತಿತ್ತು. ವಿಮಾನ, ಪ್ರಯಾಣಿಕರು, ಸಂಬಳ ಈ ಮೂರು ಮಾತ್ರ ಇರಲಿಲ್ಲ. ಅಂಥದ್ದೊಂದು ಕಂಪನಿಯಲ್ಲಿ ನಾನು ಸಹ-ಪೈಲಟ್ ಆಗಿದ್ದೆ.

ಮೊದಮೊದಲು ಬಲು ಸುಖ. ಹಾರಾಟ ಮುಗಿದ ಮೇಲೆ ನಾವೇ ಒಂದು ಇಮೇಲ್ ಬರೆದು ಹಾಕಬೇಕು: ‘ಮುಂಬೈ ಬಿಟ್ಟೆ, ಹೈದರಾಬಾದ್ ಮುಟ್ಟಿದೆ, ಎಲ್ಲ ಕ್ಷೇಮ.’ ನಡುವೆ ನಾನು ಮನೆಗೆ ಹೋಗಿ ರೊಟ್ಟಿ ಉಂಡು ಒಂದು ಸಣ್ಣ ನಿದ್ದೆ ತೆಗೆದು ಬರುತ್ತಿದ್ದೆ. ವಿಮಾನ ತನ್ನ ಪಾಡಿಗೆ ಹೋಗುತ್ತಿತ್ತು. ಕೆಲವು ಸಲ ಅದನ್ನು ಕೆರೆಯೊಳಗೆ ಇಳಿಸಿದ್ದೂ ಉಂಟು. ‘ಹತ್ತಿಯ ಮೇಲೆ ಹೂವಿಟ್ಟ ಹಾಗೆ ಇಳಿಸಿದೆ’ ಎಂದು ಬರೆದೆ. ಯಾವುದೋ ದೇಶದಲ್ಲಿ ಕೂತ ನಮ್ಮ ಮುಖ್ಯಸ್ಥರು ‘ಶಾಭಾಸ್’ ಎಂದು ಉತ್ತರ ಕಳಿಸಿದರು. ಕಂಪನಿ ಪೂರ್ತಿ ನಂಬಿಕೆಯ ಮೇಲೆ ನಡೆದಿತ್ತು.

ಆಮೇಲೆ ಊರಿಗೆ ಬ್ರಾಡ್‌ಬ್ಯಾಂಡ್ ಬಂತು. ಕಂಪನಿಯ ವೆಬ್‌ಸೈಟು ಸುಧಾರಿಸಿತು. ನಾನು ಕೆಟ್ಟೆ! ಪೈಲಟರೆಲ್ಲ ತಮ್ಮ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಳ್ಳಬೇಕು ಎಂದು ಆಜ್ಞೆಯಾಯಿತು. ವಿಮಾನದ ಎತ್ತರ, ವೇಗ, ಇಂಧನ, ಇರುವ ಜಾಗ ಎಲ್ಲವನ್ನೂ ಅದು ಆಗಿಂದಾಗ ವೆಬ್‌ಸೈಟಿಗೆ ಚಾಡಿ ಹೇಳುತ್ತಿತ್ತು. ವೆಬ್‌ಸೈಟಿನಲ್ಲಿ ಒಂದು ನಕ್ಷೆ, ಅದರ ಮೇಲೆ ಹರಿದಾಡುವ ಪುಟ್ಟ ವಿಮಾನಗಳು, ಹಿಂದೆ ಹೋದ ದಾರಿಯ ಕೆಂಪು ಗೆರೆ. ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು. ಆಟ ನಿಲ್ಲಿಸಿ ಎದ್ದರೂ ಅಂಕ ಕಡಿತ!

ಆದರೆ ಇದೇ ನಕ್ಷೆಯಿಂದ ನನ್ನ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಇಲ್ಲಿ ನನ್ನ ಮಾವನವರ ವಿಷಯ ಹೇಳಲೇಬೇಕು. ಅವರು ಇಂಡಿ ಊರಿನಲ್ಲಿ ನಿವೃತ್ತ ಲೆಕ್ಕದ ಮಾಸ್ತರರು. ಅವರಿಗೆ ಅಳಿಯಂದಿರು ಇಬ್ಬರು. ದೊಡ್ಡ ಅಳಿಯ ವಿಜಾಪುರದಲ್ಲಿ ಇಂಜಿನಿಯರು. ಅವನು ಊರಿಗೆ ಹೊರಟರೆ ಮಾವನವರು ತಾವೇ ಚೀಲ ಹಿಡಿದು ಬಸ್ ಸ್ಟ್ಯಾಂಡಿನ ತನಕ ಹೋಗಿ, ಸೀಟು ಹಿಡಿದು ಕೂಡಿಸಿ, ಬಸ್ಸು ಬಿಡುವವರೆಗೂ ನಿಂತು ಕಳಿಸಿ ಬರುತ್ತಾರೆ. ನಾನು ಹೊರಟರೆ ಹೊಸ್ತಿಲ ತನಕ. ಅದೂ ಪೇಪರ್ ಕೈಯಲ್ಲೇ ಇರುತ್ತದೆ. “ಹಾಂ, ಬರ್ರಿ” ಎನ್ನುವಷ್ಟರಲ್ಲಿ ಕಣ್ಣು ಪೇಪರಿಗೆ ವಾಪಸ್ಸು. ಮದುವೆಯಾದಾಗಿನಿಂದ ಅವರು ನನಗಾಗಿ ಆ ಹೊಸ್ತಿಲು ದಾಟಿದ್ದಿಲ್ಲ. ಇದು ನನಗೆ ನೋವಿನ ಸಂಗತಿ, ಸುಳ್ಳೇಕೆ ಹೇಳಲಿ. ಗೊಬ್ಬರದ ಅಂಗಡಿಯವನಿಗೆ ಹೊಸ್ತಿಲು ಸರಿ. ಆದರೆ ಕ್ಯಾಪ್ಟನ್‌ಗೆ?

ಕ್ಯಾಪ್ಟನ್ ಆಗಲು ಒಂದು ಪರೀಕ್ಷೆ ಇತ್ತು. ಮುಂಬೈಯಿಂದ ಹೈದರಾಬಾದಿಗೆ ಕಂಪನಿಯ ಜೆಟ್ ವಿಮಾನವನ್ನು ಹೇಳಿದ ದಾರಿಯಲ್ಲಿ, ಹೇಳಿದ ವೇಳೆಗೆ, ಮೆತ್ತಗೆ ಇಳಿಸಬೇಕು. ಇಂಧನ ಕಡಿಮೆ ತುಂಬಿಸಿಕೊಂಡರೆ ಹೆಚ್ಚಿನ ಅಂಕ. ನನ್ನ ಮೈದುನ ರಾಜು ಇಂಡಿಯಲ್ಲಿ ನೆಟ್ ಸೆಂಟರ್ ನಡೆಸುತ್ತಾನೆ. ಮಾವನವರನ್ನು ಕರೆದು ತಂದು ನಕ್ಷೆಯ ಮುಂದೆ ಕೂಡಿಸುವ ಹೊಣೆ ಅವನದು.

“ಖರೆ ವಿಮಾನ ಅಲ್ಲಪ್ಪಾ” ಎಂದು ಅವನು ತಂದೆಗೆ ವಿವರಿಸಿದನಂತೆ, “ಆದ್ರ ಕ್ಯಾಪ್ಟನ್ ಖರೇನ.”

ಪರೀಕ್ಷೆಯ ದಿನ ಹೆಂಡತಿ ಶಾಂತಾ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದಳು. ಪಕ್ಕದ ಚಹಾ ಅಂಗಡಿಯ ಮೆಹಬೂಬಸಾಬರು ಸಹಾಯಕ್ಕೆಂದು ಬಂದು ಕೂತರು. ಅವರು ನಿವೃತ್ತ ಬಸ್ ಕಂಡಕ್ಟರು. ನಾನು ಎಂಜಿನ್ ಚಾಲೂ ಮಾಡುತ್ತಲೇ ಮೇಜಿಗೆ ಎರಡು ಸಲ ಬಡಿದು “ರೈಟ್!” ಎಂದರು. ವಿಮಾನ ಮುಂಬೈ ಬಿಟ್ಟಿತು.

ಅಷ್ಟರಲ್ಲಿ ದೇವರ ಹಿಪ್ಪರಗಿಯ ಗಿರಾಕಿಯೊಬ್ಬರು ಬಂದು, “ಡಿಎಪಿ ಗೊಬ್ಬರ ಐತೇನ್ರಿ?” ಎಂದರು.

“ಈಗ ನಾ ಮ್ಯಾಲ ಅದೀನ್ರಿ. ಇಳದ ಮ್ಯಾಲ ಕೊಡ್ತೇನಿ” ಎಂದೆ. ಅವರು ನನ್ನನ್ನೊಮ್ಮೆ, ನಾನು ಕೂತ ಕುರ್ಚಿಯನ್ನೊಮ್ಮೆ ನೋಡಿ ಬೇರೆ ಅಂಗಡಿಗೆ ಹೋದರು.

ಎಲ್ಲ ಸುರಳೀತ ನಡೆದಿತ್ತು. ಸೊಲ್ಲಾಪುರ ಹತ್ತಿರವಾಗುತ್ತಿದ್ದಂತೆ ಫೋನ್ ಹೊಡೆಯಿತು. ಮಾವನವರು! ಮದುವೆಯಾದ ಮೇಲೆ ಅವರಾಗಿಯೇ ನನಗೆ ಫೋನ್ ಮಾಡಿದ್ದು ಅದೇ ಮೊದಲು.

“ಅಳಿಯಂದ್ರ, ಸೊಲ್ಲಾಪುರದ ತನಕ ಬಂದೀರಿ. ಇಷ್ಟ ಸಮೀಪ ಬಂದು ಮನಿ ಕಡೆ ಬರದಂಗ ಹೋಗ್ತೀರೇನು?”

ನಮ್ಮ ಕಡೆ ಇದಕ್ಕೆ ಉತ್ತರವಿಲ್ಲ. ಊರ ಹತ್ತಿರ ಹಾದು ಮಾವನ ಮನೆಗೆ ಮುಖ ತೋರಿಸದೆ ಹೋದವನನ್ನು ಯಾರೂ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ಆಕಾಶದಲ್ಲಿದ್ದ ಎಂಬುದು ನೆಪ ಆಗಲಾರದು. “ಬಂದೆ ಬಂದೆ ಮಾವಾರ” ಎಂದೆ. ಹೇಳಿದ ದಾರಿ ಬಿಟ್ಟು ವಿಮಾನವನ್ನು ಇಂಡಿಯತ್ತ ತಿರುಗಿಸಿದೆ. ಪರದೆಯ ಮೂಲೆಯಲ್ಲಿ ಒಂದು ಕೆಂಪು ಅಕ್ಷರದ ಸಾಲು ಮೂಡಿತು. ಅದನ್ನು ಓದಲು ಪುರಸತ್ತಿರಲಿಲ್ಲ.

“ಹೋಲ್ಡಾನ್! ಇಂಡಿ ಇಳಿಯೋರು ಮುಂದ ಬರ್ರಿ!” ಎಂದು ಮೆಹಬೂಬಸಾಬರು ಅಭ್ಯಾಸಬಲದಿಂದ ಕೂಗಿದರು.

ಮಾವನವರಿಗೆ ಚೆನ್ನಾಗಿ ಕಾಣಲಿ ಎಂದು ವಿಮಾನವನ್ನು ಬಹಳ ಕೆಳಗೆ ತಂದೆ. ಒಂದು ಸುತ್ತು ಮಾವನವರಿಗೆ. ನೋಡಲು ತಡವಾಗಿ ಬಂದ ಅತ್ತೆಯವರಿಗೆ ಇನ್ನೊಂದು. ಜೆಟ್ ವಿಮಾನ ಕೆಳಗೆ ಹಾರಿದಷ್ಟೂ ಎಣ್ಣೆ ಕುಡಿಯುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಗೌರವದ ಪ್ರಶ್ನೆ.

“ಅಲ್ರಿ ಸಾವಕಾರ್ರ” ಎಂದರು ಮೆಹಬೂಬಸಾಬರು, “ನಿಮ್ಮ ಮಾವಾರು ಕಂಪ್ಯೂಟರದಾಗ ನೋಡಾಕತ್ತಾರ. ಮಾಳಿಗಿ ಮ್ಯಾಲ ನಿಂತಿಲ್ಲ. ಇಷ್ಟ ತಳಗ ಯಾಕ ಬಂದ್ರಿ?”

ಈ ಮಾತನ್ನು ಅವರು ಎರಡೂ ಸುತ್ತು ಮುಗಿದ ಮೇಲೆ ಹೇಳಿದರು!

ಇತ್ತ ಶಾಂತಾಳ ಸಂತೋಷ ಹಿಡಿಯುವವರಿರಲಿಲ್ಲ. ತನ್ನ ತವರಿಗೆ ವಿಮಾನ ಬಂದ ಸುದ್ದಿಯನ್ನು ಆಕೆ ಮೊದಲು ತಿಳಿಸಿದ್ದು ಮುದ್ದೇಬಿಹಾಳದ ನನ್ನ ಅಕ್ಕನಿಗೆ. ತಕ್ಷಣ ಅಕ್ಕನ ಫೋನ್ ಬಂತು.

“ತಮ್ಮಾ, ಹೆಂಡತಿ ತವರಿಗೆ ಎರಡ ಸುತ್ತ ಹೊಡದಿಯಂತ. ಒಡಹುಟ್ಟಿದ ಅಕ್ಕನ ಊರಿನ ಹಾದಿ ಮರತಿಯೇನು?”

“ಅಕ್ಕಾ, ಇದು ಪರೀಕ್ಷಾ…”

“ಬಾಜೂಮನಿ ಟೀಚರ್ ಕಂಪ್ಯೂಟರ್ ಮುಂದ ಕೂತೇನಿ. ಬಾ.” ಫೋನ್ ಇಟ್ಟಳು.

ಹೈದರಾಬಾದ್ ಪೂರ್ವಕ್ಕಿತ್ತು. ಮುದ್ದೇಬಿಹಾಳ ದಕ್ಷಿಣಕ್ಕೆ. ನಾನು ದಕ್ಷಿಣಕ್ಕೆ ತಿರುಗಿದೆ. ನನ್ನ ಅಕ್ಕನ ಸಿಟ್ಟು ಕಂಡವರು ಯಾರೂ ಇದನ್ನು ತಪ್ಪೆನ್ನಲಾರರು. ಬಸವನ ಬಾಗೇವಾಡಿ ಬಂದಾಗ ಮೆಹಬೂಬಸಾಬರು ನನ್ನ ಭುಜ ಮುಟ್ಟಿದರು.

“ಇಲ್ಲಿ ನಮ್ಮ ತಮ್ಮ ಇರ್ತಾನ್ರಿ. ಒಂದ ಹಾರ್ನ್ ಹೊಡೀರಿ.”

“ವಿಮಾನಕ್ಕ ಹಾರ್ನ್ ಇರೂದಿಲ್ರಿ.”

“ಮತ್ತ ಹೆಂಗ ಓಡಸ್ತೀರಿ!” ಎಂದು ಅವರು ನಿಜವಾಗಿಯೂ ಗಾಬರಿಯಾದರು.

ಮುದ್ದೇಬಿಹಾಳದ ಮೇಲೆ ಒಂದು ಸುತ್ತು ಹೊಡೆದೆ. ಅಕ್ಕನ ಫೋನ್: “ಎಲ್ಲಿದಿ? ಇಲ್ಲಿ ನಿನ್ನ ವಿಮಾನ ಇನ್ನಾ ಬಾಗೇವಾಡಿಯೊಳಗ ನಿಂತೈತಿ.” ಟೀಚರ ಮನೆಯ ಇಂಟರ್ನೆಟ್ ನಿಧಾನ. ಎರಡನೆಯ ಸುತ್ತು ಹೊಡೆದೆ. ಅಷ್ಟರಲ್ಲಿ ಅಲ್ಲಿ ನಕ್ಷೆಯೇ ಮಾಯವಾಗಿ ಪರದೆ ಬೆಳ್ಳಗಾಯಿತಂತೆ. ಮೂರನೆಯ ಸುತ್ತಿಗೆ ಅಕ್ಕ, “ಹಾಂ, ಕಾಣ್ತು. ಇಷ್ಟ ಸಣ್ಣದೇನು?” ಎಂದಳು. ನಾನು ಹೈದರಾಬಾದಿನತ್ತ ಮುಖ ಮಾಡಿದೆ. ಇಂಧನದ ಮುಳ್ಳು ನೋಡಿದೆ. ಅದು ಮಲಗಿತ್ತು.

ಹೂವಿನ ಹಿಪ್ಪರಗಿ ಸಮೀಪಿಸುವಾಗ ಒಂದು ಎಂಜಿನ್ ನಿಂತಿತು. ಅದಕ್ಕೆ ಬೇಸರವಾಗಬಾರದೆಂದು ಇನ್ನೊಂದೂ ನಿಂತಿತು. ಕೆಳಗೆ ಸಮತಟ್ಟಾದ ಹೊಲ.

“ಎರಿ ಭೂಮಿ ಐತ್ರಿ” ಮೆಹಬೂಬಸಾಬರು ಪಿಸುಗುಟ್ಟಿದರು. “ಮಳಿ ಆಗಿದ್ರ ಗಾಲಿ ಹುಗೀತಾವು. ನೋಡಿ ಇಳಸ್ರಿ.”

ಇಳಿಸಿದೆ. ನನ್ನಾಣೆಗೂ ಹೇಳುತ್ತೇನೆ, ಅಂಥ ಮೆತ್ತನೆಯ ಇಳಿತ ನನ್ನ ಜೀವಮಾನದಲ್ಲೇ ಆಗಿರಲಿಲ್ಲ. ಒಂದು ಅಲುಗಾಟವಿಲ್ಲ! ವೆಬ್‌ಸೈಟು ಕೂಡಲೇ ಫಲಿತಾಂಶ ಹಾಕಿತು. ಇಳಿಸಿದ ರೀತಿ: ಅತ್ಯುತ್ತಮ. ಇಳಿಸಿದ ಸ್ಥಳ: ವಿಮಾನ ನಿಲ್ದಾಣವಲ್ಲ. ಪೈಲಟ್‌ನ ಹುದ್ದೆ: ತರಬೇತಿ ವಿದ್ಯಾರ್ಥಿ. ಕೇಳುವುದಿಲ್ಲ, ಹೇಳುವುದಿಲ್ಲ, ಮುಖ್ಯಸ್ಥರ ಸಹಿಯೂ ಬೇಕಿಲ್ಲ. ಯಂತ್ರವೇ ಬಡ್ತಿ ಕೊಡುತ್ತದೆ, ಯಂತ್ರವೇ ಕಿತ್ತುಕೊಳ್ಳುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ವ್ಯವಸ್ಥೆಯಲ್ಲಿ ವಿಮಾನವನ್ನು ಎಲ್ಲಿ ಬಿಟ್ಟಿರೋ ಮುಂದಿನವರು ಅಲ್ಲಿಂದಲೇ ಎತ್ತಬೇಕು. ಹೈದರಾಬಾದಿನಿಂದ ಮುಂದೆ ಹಾರಬೇಕಿದ್ದ ವಿದೇಶಿ ಪೈಲಟ್ ಒಬ್ಬ, ‘ಈ ಹೂವಿನ ಹಿಪ್ಪರಗಿ ಯಾವ ದೇಶದಲ್ಲಿದೆ, ರನ್‌ವೇ ಎಷ್ಟು ಉದ್ದ?’ ಎಂದು ಬಹಳ ವಿನಯದಿಂದ ಇಮೇಲ್ ಬರೆದ. ನಾನೇ ಎತ್ತಿ ಕೊಡೋಣವೆಂದರೆ ವಿದ್ಯಾರ್ಥಿಗಳು ಜೆಟ್ ಮುಟ್ಟುವಂತಿಲ್ಲ. ಹೀಗಾಗಿ ಕಂಪನಿಯ ಜೆಟ್ಟು ನಕ್ಷೆಯಲ್ಲಿ ಆ ಹೊಲದಲ್ಲೇ ಬಿಡಾರ ಹೂಡಿತು.

ಸಂಜೆ ಮಾವನವರ ಫೋನ್ ಬಂತು. ಸಮಾಧಾನ ಹೇಳುತ್ತಾರೆಂದುಕೊಂಡೆ.

“ಅಳಿಯಂದ್ರ, ನಕ್ಷೆದಾಗ ಗೆರಿ ಹಂಗ ಉಳದಾವು. ನಮ್ಮ ಮನಿ ಮ್ಯಾಲ ಎರಡ ಸುತ್ತ. ನಿಮ್ಮ ಅಕ್ಕನ ಮನಿ ಮ್ಯಾಲ ಮೂರು. ನಾ ಲೆಕ್ಕದ ಮಾಸ್ತರ. ಎಣಿಸೇನಿ.”

ಟೀಚರ ಮನೆಯ ಇಂಟರ್ನೆಟ್ಟಿನ ಕಥೆ ಹೇಳಬೇಕೆಂದೆ. ಫೋನ್ ಇಟ್ಟಾಗಿತ್ತು. ಶಾಂತಾ ಆ ದಿನ ತಾಟಿನಲ್ಲಿ ರೊಟ್ಟಿ ಹಾಕುವಾಗ ಒಂದೇ ಮಾತು ಆಡಿದಳು: “ನಿಮ್ಮ ಮನ್ಯಾರಿಗೆ ಮೂರು!” ಹಳೆಯ ಕಾಲವಾಗಿದ್ದರೆ ‘ಇಂಡಿಯ ಮೇಲೆ ನಾಲ್ಕು’ ಎಂದು ಇಮೇಲ್ ಬರೆದು ಪಾರಾಗುತ್ತಿದ್ದೆ.

ಮುಂದಿನ ವಾರ ಬಸ್ಸು ಹತ್ತಿ ಇಬ್ಬರೂ ಇಂಡಿಗೆ ಹೋದೆವು, ಮಾವನವರನ್ನು ಸಮಾಧಾನ ಮಾಡಲು. ಅಂಗಳದಲ್ಲಿ ಅವರ ಗೊಳಸಂಗಿಯ ಗೆಳೆಯರೊಬ್ಬರು ಕೂತಿದ್ದರು. ಮಾವನವರು ನನ್ನನ್ನು ತೋರಿಸಿ, “ನಮ್ಮ ಸಣ್ಣ ಅಳಿಯಂದ್ರು. ವಿಮಾನ ಓಡಸ್ತಾರ” ಎಂದರು. ನನ್ನ ಎದೆ ಉಬ್ಬಿತು.

“ಹೌದೇನ್ರಿ! ಈಗ ವಿಮಾನ ಎಲ್ಲೈತ್ರಿ?” ಎಂದರು ಗೆಳೆಯರು.

“ಹೂವಿನ ಹಿಪ್ಪರಗಿ ಹೊಲದಾಗ ನಿಂತೈತಿ” ಎಂದರು ಮಾವನವರು. “ನೀವು ಚಾ ತಗೋರಿ.”

ಶಾಂತಾ ನಾಲ್ಕು ದಿನ ತವರಿನಲ್ಲಿ ಇರುತ್ತೇನೆಂದಳು. ಮರುದಿನ ನಾನೊಬ್ಬನೇ ಹೊರಟೆ. ಆಗ ಒಂದು ಅದ್ಭುತ ನಡೆಯಿತು. ಮಾವನವರು ಪೇಪರ್ ಮಡಚಿಟ್ಟರು, ಚಪ್ಪಲಿ ಮೆಟ್ಟಿದರು, ನನ್ನ ಚೀಲ ತೆಗೆದುಕೊಂಡರು. ಹೊಸ್ತಿಲು ದಾಟಿದರು! ದಾರಿಯುದ್ದಕ್ಕೂ ನಾನು ಖಾಲಿ ಕೈ ಬೀಸಿಕೊಂಡು ಅವರ ಹಿಂದೆ ನಡೆದೆ. ಬಸ್ ಸ್ಟ್ಯಾಂಡಿನಲ್ಲಿ ಅವರೇ ಸೀಟು ಹಿಡಿದು ನನ್ನನ್ನು ಕಿಟಕಿಯ ಪಕ್ಕ ಕೂಡಿಸಿದರು. ದೊಡ್ಡ ಅಳಿಯನಿಗೆ ಮಾಡುವ ಎಲ್ಲ ಮರ್ಯಾದೆಯೂ ನನಗಾಯಿತು.

ಆಮೇಲೆ ಕೆಳಗಿಳಿದು ಹೋಗಿ, ಕಂಡಕ್ಟರನನ್ನು ಪಕ್ಕಕ್ಕೆ ಕರೆದು ನನ್ನತ್ತ ಕೈ ಮಾಡಿ ಹೇಳಿದರು:

“ಇವರು ಸಿಂದಗಿಗೆ ಹೋಗೋರದಾರ. ನಡುವ ಎಲ್ಲಿ ಇಳೀತೇನಂದ್ರೂ ಇಳಸಬ್ಯಾಡ್ರಿ.”