ಮಲಗುವ ಹೊತ್ತಿನ ಸದ್ದು

ಶಿಸ್ತಿದ್ದಲ್ಲಿ ನಗೆಪಾಟಲಿಗೆ ಎಡೆಯಿಲ್ಲ ಎಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಕಲಿಸಿದವರು ಎರಡು ವರ್ಷದ ಮಕ್ಕಳನ್ನು ನೋಡಿಕೊಂಡವರಲ್ಲ. ಗೋವೆಯ ಕುಂಕಳ್ಳಿಯ ಕಾರ್ಖಾನೆಗಳಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಾನು ನಡೆಸುವ ಶಿಶುವಿಹಾರದಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ.

ಈ ಮಳೆಗಾಲದಲ್ಲಿ ವಿಜಯಪುರದ ಕಡೆಯ ಒಬ್ಬ ತಾಯಿ ಮಗಳನ್ನು ಕರೆತಂದಳು. ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಕೂಸನ್ನು ನೋಡುವವರಿಲ್ಲ. ನಾವು ಇಟ್ಟುಕೊಳ್ಳದಿದ್ದರೆ ಕೆಲಸವೂ ಇಲ್ಲ. ನನ್ನ ನಿಯಮ ಹೇಳಿದೆ: ಶನಿವಾರದೊಳಗೆ ಅಳು ನಿಲ್ಲದ ಮಗುವನ್ನು ಇಟ್ಟುಕೊಳ್ಳುವುದಿಲ್ಲ, ಉಳಿದ ಮಕ್ಕಳ ನಿದ್ದೆ ಕೆಡುತ್ತದೆ.

ಕಾಡಿಗೆ

ಮೊದಲ ದಿನ ಮಗುವಿನ ಕೆನ್ನೆಯ ಮೇಲೆ ದೊಡ್ಡದೊಂದು ದೃಷ್ಟಿಬೊಟ್ಟು. ಒದ್ದೆ ಬಟ್ಟೆಯಿಂದ ಒರೆಸಿ, "ಇಲ್ಲಿ ಮಕ್ಕಳ ಮುಖ ಸ್ವಚ್ಛ ಇರಬೇಕು" ಎಂದೆ.

"ಹೌದ್ರಿ ಅಕ್ಕೋರ." ಮೇಡಂ ಎನ್ನು ಎಂದು ಎಷ್ಟು ಹೇಳಿದರೂ ನಾನು ಅವಳಿಗೆ ಅಕ್ಕೋರೇ.

ಮರುದಿನ ಕೆನ್ನೆ ಸ್ವಚ್ಛ. ತಲೆ ಬಾಚುವಾಗ ನೋಡಿದರೆ ಕಿವಿಯ ಹಿಂದೆ ಅದೇ ಬೊಟ್ಟು, ಇನ್ನೂ ದೊಡ್ಡದಾಗಿ. ಸಂಜೆ ಕೇಳಿದೆ.

"ನೀವು ಮುಖ ಅಂದ್ರಿ. ಕಿವಿ ಹಿಂದಿಂದು ಮುಖದಾಗ ಬರೂದಿಲ್ಲಲ್ರಿ?"

ನಿಯಮ ಮಾಡಿದವಳು ನಾನೇ.

ತಾಳ್ಮೆಯ ಪಾಠ

ಮಕ್ಕಳೊಂದಿಗೆ ತಾಳ್ಮೆಯಿಂದ ಇರುವುದು ಹೇಗೆಂದು ಹೊಸ ತಾಯಂದಿರಿಗೆ ಬಾಗಿಲಲ್ಲೇ ನಾಲ್ಕು ಮಾತು ಹೇಳುವುದು ನನ್ನ ಪದ್ಧತಿ. ಅವಳ ಸೊಂಟದ ಮೇಲೆ ಮಗು, ಕೈಯಲ್ಲಿ ಬುತ್ತಿ, ಬಗಲಲ್ಲಿ ಕೊಡೆ. ನಾನು ಹೇಳುತ್ತಿದ್ದಂತೆ ಮಗುವಿನ ಮೂಗು ಒರೆಸಿದಳು, ಬಾಯಿಂದ ಒಂದು ಗುಂಡಿ ಹೊರತೆಗೆದಳು, ಸಡಿಲಾದ ಲಾಡಿ ಬಿಗಿದಳು, ನನ್ನ ಕನ್ನಡಕಕ್ಕೆ ಬಂದ ಪುಟ್ಟ ಕೈಯನ್ನು ದಾರಿಯಲ್ಲೇ ಹಿಡಿದಳು. ಕಣ್ಣು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ.

"ಹೇಳ್ರಿ ಅಕ್ಕೋರ, ಕೇಳಾಕತ್ತೇನಿ."

ಏನು ಹೇಳುತ್ತಿದ್ದೆನೋ ನನಗೇ ಮರೆತಿತ್ತು. ಹೊಗಳಿಕೆಯಲ್ಲಿ ನಾನು ಬಿಗಿ. ಆದರೂ ನಸುಕಿನಲ್ಲಿ ನೀರು ತುಂಬಿ, ರೊಟ್ಟಿ ಬಡಿದು, ಆ ಮಳೆಯಲ್ಲಿ ಕೂಸನ್ನು ಹೊತ್ತು ನಡೆದುಬಂದು ಹಾಗೆ ನಗುತ್ತ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ.

ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಅವಳು ಮಗುವನ್ನು ಒಂದು ಗಳಿಗೆ ನನ್ನ ಕೈಗಿತ್ತಳು. ಅಷ್ಟರಲ್ಲಿ ನನ್ನ ಕನ್ನಡಕ, ಬೀಗದ ಕೈ, ಬಾಚಣಿಗೆ ಎಲ್ಲವೂ ನೆಲದ ಮೇಲೆ.

ಒಂದೊಂದಾಗಿ ಎತ್ತಿಕೊಟ್ಟು ಹೇಳಿದಳು: "ತಾಳ್ಮಿ ಬೇಕ್ರಿ ಅಕ್ಕೋರ."

ಶನಿವಾರ

ಮಧ್ಯಾಹ್ನದ ನಿಶ್ಶಬ್ದ ನಮ್ಮ ಶಿಶುವಿಹಾರದ ಹೆಮ್ಮೆ. ಆದರೆ ಎಲ್ಲ ತಣ್ಣಗಾಯಿತೆನ್ನುವಾಗಲೇ ಈ ಮಗು ಚೀರುತ್ತಿತ್ತು. "ನಾಳೆಯೂ ಹೀಗಾದರೆ ಕಷ್ಟ" ಎಂದು ಶುಕ್ರವಾರ ಹೇಳಿಬಿಟ್ಟೆ. "ಹೂಂನ್ರಿ" ಎಂದಳು. ಅಂದು ಮಾತ್ರ ನಗಲಿಲ್ಲ.

ಶನಿವಾರ ಮಗು ಚೀರುತ್ತಿರುವಾಗಲೇ ನಮ್ಮ ಅಡುಗೆಯವಳು ಮಿಕ್ಸರ್ ಹಚ್ಚಿದಳು. ಮಲಗುವ ಹೊತ್ತಿನಲ್ಲಿ! ಬೈಯಲು ಓಡಿದೆ. ಬೈಯುವ ಮೊದಲೇ ತಿಳಿಯಿತು, ಅಳು ನಿಂತಿದೆ. ಮಗು ನಿದ್ದೆ ಹೋಗಿದೆ.

ಮಿಕ್ಸರ್ ನಿಂತಿತು, ಅಳು ಶುರುವಾಯಿತು. ಮತ್ತೆ ಹಚ್ಚಿಸಿದೆ, ಮತ್ತೆ ನಿದ್ದೆ.

"ಶೇಂಗಾ ಚಟ್ನಿ ಹಿಟ್ಟಾಗಿ ಹೋತ್ರಿ ಮೇಡಂ!"

"ಆಗಲಿ, ನಿಲ್ಲಿಸಬೇಡ."

ಅಷ್ಟರಲ್ಲಿ ಕರೆಂಟ್ ಹೋಯಿತು. ಮಗುವಿನ ತುಟಿ ಅದುರತೊಡಗಿತು. ಹೆಣ್ಣುಮಕ್ಕಳ ದನಿ ಊಟದ ಮೇಜು ದಾಟಬಾರದೆಂದು ಕಲಿತ ನಾನು ಮಗುವಿನ ಪಕ್ಕ ಕುಳಿತು ಬಾಯಿ ತೆರೆದೆ: "ಘರ್‍ರ್‍ರ್‍ರ್..."

ಮಗು ಕಣ್ಣು ಮುಚ್ಚಿತು. ನೋಡಿದರೆ ಬಾಗಿಲಲ್ಲಿ ತಾಯಿ. ಅರ್ಧ ದಿನದ ಕೆಲಸ ಮುಗಿಸಿ, ಮಗಳ ಬಟ್ಟೆ ಒಯ್ಯಲು ಚೀಲ ಹಿಡಿದೇ ಬಂದಿದ್ದಳು.

"ನಮ್ಮ ಖೋಲಿಗೂ ಹಿಟ್ಟಿನ ಗಿರಣಿಗೂ ನಡುವ ಒಂದ ಗ್ವಾಡಿ ಐತ್ರಿ," ಎಂದು ಪಿಸುಗುಟ್ಟಿದಳು. "ಸಪ್ಪಳ ಇಲ್ಲಂದ್ರ ಅಕಿ ಅಂಜತಾಳ ಅಂತ ನನಗೂ ಹೊಳೀಲಿಲ್ಲ ನೋಡ್ರಿ. ಗಿರಣಿಕಿಂತ ನಿಮ್ದ ಚಲೋ ಆತು." ಆಮೇಲೆ ಅಂಜುತ್ತಲೇ ಕೇಳಿದಳು: "ಸೋಮವಾರ ಕರ್ಕೊಂಡ ಬರ್ಲ್ಯಾರೀ?"

ಉತ್ತರ ಕೊಟ್ಟರೆ ಸದ್ದು ನಿಲ್ಲುತ್ತದೆ. "ಘರ್‍ರ್" ಎನ್ನುತ್ತಲೇ ಕರೆತಾ ಎಂಬಂತೆ ತಲೆಯಾಡಿಸಿದೆ.

ಅವಳು ಕಣ್ಣೊರೆಸಿಕೊಂಡಳು. ಬೆರಳಿಗೆ ಹತ್ತಿದ ಕಾಡಿಗೆಯನ್ನು ಹಾಗೇ ನನ್ನ ಕಿವಿಯ ಹಿಂದೆ ಒತ್ತಿದಳು. "ಇಷ್ಟು ಕೂಸಗೋಳ್ನ ಒಮ್ಮೆಲೇ ಮಲಗಿಸೀರಿ. ದೃಷ್ಟಿ ಆಗತೈತ್ರಿ."

ಕರೆಂಟ್ ಬಂದ ಮೇಲೆ ಅಡುಗೆಯವಳು ಆ ಕಪ್ಪನ್ನು ಕಂಡು ಒದ್ದೆ ಬಟ್ಟೆ ತಂದಳು. ನಾನು ಅವಳ ಕೈ ಸರಿಸಿದೆ.

"ಕಿವಿಯ ಹಿಂದಿನದು ಮುಖದಲ್ಲಿ ಬರುವುದಿಲ್ಲ."