ರೋಮನ್ನರ ಜರಡಿ

ಗಣಿ ಕಾರ್ಮಿಕರ ಮುಷ್ಕರದ ವರ್ಷ ಕುದುರೆ ಪೊಲೀಸರೆದುರು ನಿಂತು ಕದಲದವನು ನಾನು. ಮಣ್ಣಿನಿಂದ ಎದ್ದ ಒಂದು ತುಂಡು ಲೋಹದ ಗುರುತು ಹಿಡಿಯಲಾರೆನೇ? ಯಾವ ಮ್ಯೂಸಿಯಮ್ ಪಂಡಿತನನ್ನೂ ಕೇಳದೆ ಹಿಡಿದೇ ತೀರುತ್ತೇನೆ ಎಂದು ನಮ್ಮ ಶೋಧಕರ ಸಂಘದಲ್ಲಿ ಎದೆ ತಟ್ಟಿ ಹೇಳಿ ಬಂದೆ.

ವಸ್ತು ಸಿಕ್ಕಿದ್ದು ಮಂಗಳವಾರ. ಯಾರ್ಕ್‌ಷೈರ್‌ನ ನಮ್ಮೂರಲ್ಲಿ, ಮುಚ್ಚಿಹೋದ ಕಲ್ಲಿದ್ದಲು ಗಣಿಯ ಹಿಂದಿನ ಗುಡ್ಡದ ಮೇಲೆ ಮೆಟಲ್ ಡಿಟೆಕ್ಟರ್ ಎಳೆಗರುವಿನಂತೆ ಕೂಗಿತು. ಮೊಳದಾಳ ಅಗೆದರೆ ಹಸಿರು ಕಿಲುಬು ಹಿಡಿದ, ಮಗ್ಗುಲು ನಜ್ಜುಗುಜ್ಜಾದ ಅಗಲ ಹಿತ್ತಾಳೆ ಬೋಗುಣಿ. ತಳದ ತುಂಬ ತೂತು.

ಮೂರು ದಿನ ಅಡುಗೆಮನೆಯ ಮೇಜಿನ ಮೇಲೆ ಅದರದೇ ದರ್ಬಾರು. ಲೈಬ್ರರಿಯಿಂದ ಐದು ದಪ್ಪ ಪುಸ್ತಕ ತಂದೆ. ಕಣ್ಣು ಕಿರಿದು ಮಾಡಿ ನೋಡಿದರೆ ಆ ತೂತುಗಳು ಸಾಕ್ಷಾತ್ ನಕ್ಷತ್ರಪುಂಜ! ಒಂದು ಕಾಲಕ್ಕೆ ಈ ನಾಡಾಳಿದ ರೋಮನ್ನರ ಪೂಜಾರಿಗಳು ದ್ರಾಕ್ಷಾರಸ ಸೋಸುತ್ತಿದ್ದ ಜರಡಿ ಎಂದು ತೀರ್ಪು ಕೊಟ್ಟೆ. ಭಾನುವಾರ ಸಂಘದ ಪ್ರದರ್ಶನ. ಊರಿಗೆಲ್ಲ ಸುದ್ದಿ ಮುಟ್ಟಿಸಿದೆ.

ಶುಕ್ರವಾರ ನನ್ನ ಹೆಂಡತಿ ಬೆರಿಲ್ ತಂಗಿಯ ಮನೆಯಿಂದ ಮರಳಿದಳು. ಮುಷ್ಕರದಲ್ಲಿ ದಿನಕ್ಕೆ ಮುನ್ನೂರು ಜನಕ್ಕೆ ಬೇಯಿಸಿ ಬಡಿಸಿದವಳು. ಕೋಟು ಕೂಡ ಬಿಚ್ಚದೆ ನನ್ನ ಉಪನ್ಯಾಸ ಪೂರ್ತಿ ಕೇಳಿದಳು.

“ಅರ್ನಾಲ್ಡ್, ಆ ಗುಡ್ಡ ಯಾರು ಮಾಡಿದ್ದು?”

“ನಾವೇ. ಗಣಿಯಿಂದ ತೆಗೆದ ಕಲ್ಲುಮಣ್ಣು ಸುರಿದೂ ಸುರಿದೂ...” ಎಂದವನು ಅರ್ಧಕ್ಕೇ ನಿಂತೆ.

“ಮತ್ತೆ ರೋಮನ್ನರು ಅದರೊಳಗೆ ಹೆಂಗೆ ಹೊಕ್ಕರು? ನಿನ್ ಜೊತೆ ಪಾಳಿಗೆ ಬರ್ತಿದ್ರಾ?”

ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಅಂಚು ಉಜ್ಜಿದಳು. ಕಿಲುಬಿನಡಿಯಿಂದ ಮೊಳೆಯಲ್ಲಿ ಗೀಚಿದ ಎರಡು ಅಕ್ಷರ ಎದ್ದವು. ಅವಳ ತಾಯಿಯ ಹೆಸರಿನವು. ಆಗಲೇ ನನಗೆ ಗುರುತು ಸಿಕ್ಕಿದ್ದು.

ಅದು ನಮ್ಮತ್ತೆ ತನ್ನ ಮಗಳಿಗೆ ಕೊಟ್ಟ ಜಾಮ್ ಕುದಿಸುವ ಪಾತ್ರೆ. ಮುಷ್ಕರದ ಚಳಿಗಾಲ, ಕಲ್ಲಿದ್ದಲು ಅಗೆಯುವವನ ಮನೆಯ ಒಲೆಗೇ ಕಲ್ಲಿದ್ದಲಿಲ್ಲ. ನಮ್ಮ ಕೂಸು ಜಾನೆಟ್ ಕೆಮ್ಮುತ್ತಿತ್ತು. ಪಾತ್ರೆಯನ್ನು ಹೇಳದೆ ಕೇಳದೆ ಒಯ್ದು, ಮೊಳೆ ಹೊಡೆದು ತೂತು ಮಾಡಿ, ಗುಡ್ಡದಲ್ಲಿ ಕೂತು ಕಲ್ಲಿದ್ದಲ ಚೂರು ಜರಡಿ ಹಿಡಿದೆ. ಅದಕ್ಕೂ ಕಳ್ಳತನದ ಕೇಸು ಹಾಕುತ್ತಿದ್ದ ಪೊಲೀಸರು ಬಂದದ್ದು ಕಂಡು ಅದನ್ನು ಮಣ್ಣಲ್ಲಿ ಹೂತು, ಮೂಟೆ ಹೊತ್ತು ಓಡಿದೆ. ಆಮೇಲೆ ಹುಡುಕಿದರೆ ಜಾಗ ಸಿಗಲಿಲ್ಲ. ಮನೆಯಲ್ಲಿ ಹೇಳಿದ್ದು, ಪೊಲೀಸರು ಕಿತ್ತುಕೊಂಡರು ಅಂತ. ನಲವತ್ತು ವರ್ಷ ವೇದಿಕೆ ವೇದಿಕೆಯಲ್ಲೂ ಅದನ್ನೇ ಗುಡುಗಿದ್ದೇನೆ: “ಅತ್ತೆಯ ಜಾಮ್ ಪಾತ್ರೆಯನ್ನೂ ಬಿಡದ ಸರ್ಕಾರ!” ಬೆರಿಲ್ ಪ್ರತಿ ಸಲವೂ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದಾಳೆ.

“ಆವತ್ತೇ ಹೇಳ್ಬೇಕಿತ್ತು ಬೆರಿಲ್,” ಎಂದೆ.

“ಹೇಳೋದೇನು ಬಂತು. ಪಾತ್ರೆ ಕಿತ್ಕೊಂಡ ಪೊಲೀಸರು ಕಲ್ಲಿದ್ದಲ ಮೂಟೆ ಹೊರಿಸಿ ಕಳಿಸ್ತಾರಾ? ಆವತ್ತೇ ಗೊತ್ತಾಯ್ತು. ಕೂಸು ಬೆಚ್ಚಗೆ ಮಲಗಿತ್ತು, ಸುಮ್ನಾದೆ.”

ತೂತುಗಳ ಮೇಲೆ ಒಂದು ಸಲ ಕೈಯಾಡಿಸಿದಳು. ನಜ್ಜಾದ ಮಗ್ಗುಲನ್ನು ಬಡಿದು ಸರಿಮಾಡು ಎಂದು ಸುತ್ತಿಗೆ ತಂದಿಟ್ಟಳು. ಮಾಡಿದೆ.

ಭಾನುವಾರ ಪ್ರದರ್ಶನಕ್ಕೆ ಹೋದರೆ, ರೋಮನ್ನರಿಗಾಗಿ ನಾನು ಕಾದಿರಿಸಿದ್ದ ನಟ್ಟನಡುವಿನ ಮೇಜಿನ ಮೇಲೆ ಪಾತ್ರೆ ಫಳಫಳ ಹೊಳೆಯುತ್ತಿತ್ತು. ಹಳೇ ಸಂಗಾತಿಗಳೆಲ್ಲ ಸುತ್ತ ನಿಂತು ಚೀಟಿ ಓದುತ್ತಿದ್ದರು. ಬೆರಿಲ್‌ಳ ಅಕ್ಷರ:

“ಜಾಮ್ ಪಾತ್ರೆ. ಕಾಣೆಯಾದದ್ದು ೧೯೮೪ರಲ್ಲಿ. ಈ ಒಂದು ವಿಷಯದಲ್ಲಿ ಮಾತ್ರ ಪೊಲೀಸರು ನಿರಪರಾಧಿಗಳು.”